ಟಾಮನಿಗೆ ಎಳ್ಳುನೀರು

ತೊಯ್ದ ಕರಿಎಳ್ಳಿನ ವಾಸನೆ ಬಂದರೆ ಈಗಲೂ ಸದಾಶಿವ ಪೇಠದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಪಿತೃಪಕ್ಷದಲ್ಲಿ ಅಜ್ಜ ತರ್ಪಣಕ್ಕೆ ಕೂತಿದ್ದರು. ಅವರ ಅಂಗೈಗೆ ತಂಬಿಗೆಯಿಂದ ನೀರು ಹಾಕುವ ಕೆಲಸ ನನ್ನದು. ಹಿರಿಯರ ಹೆಸರುಗಳೆಲ್ಲ ಮುಗಿದ ಮೇಲೆ ಅಜ್ಜ ತಗ್ಗಿದ ದನಿಯಲ್ಲಿ, “ಇನ್ನೊಬ್ಬ ಇದ್ದಾನ. ಟಾಮ್,” ಎಂದರು.

“ಗೋತ್ರ?” ತರ್ಪಣ ಮಾಡಿಸುತ್ತಿದ್ದ ಆಚಾರ್ಯರು ಕೇಳಿದರು.

“ಆಸ್ಟ್ರೇಲಿಯಾದ ಸಿಪಾಯಿ. ಊರಾಗ ಕುರಿ ಉಣ್ಣೆ ಕತ್ತರಸ್ತಿದ್ದನಂತ. ಮಲಾಯಾ ಯುದ್ಧದಾಗ ನಮ್ಮ ಜೋಡಿ ಇದ್ದ.”

“ಗೋರಾ ಸಾಹೇಬಗ ಗೋತ್ರ ಎಲ್ಲಿಂದ ತರೋಣ! ಗೊತ್ತಿಲ್ಲದವರಿಗೆ ಕಾಶ್ಯಪ ಅಂತಾರ. ಹಂಗ ಅನ್ರಿ.”

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡರು. “ಇಷ್ಟು ವರ್ಷ ಒಮ್ಮೆನೂ ಇವನ ಹೆಸರು ಎತ್ತಲಿಲ್ಲಲ್ರಿ. ಹೆಂಗ ಸತ್ತ?”

“ಗುಂಡು ಹಾರತಿದ್ವು. ಬಾವಿಗೆ ನೀರಿಗೆ ಹೋಗೋದು ನನ್ನ ಪಾಳಿ ಇತ್ತು. ಅವ ಹೋದ.”

“ತಾನಾಗೇ ಹೋದನೋ, ನೀವು ಕಳಿಸಿದ್ರೋ?”

ಆಚಾರ್ಯರು ತಲೆ ಎತ್ತಿ ಅಜ್ಜನನ್ನು ನೋಡಿದರು. ಅಜ್ಜನ ಹೆಬ್ಬೆರಳಿಗೆ ಎಳ್ಳು ಅಂಟಿಕೊಂಡಿತ್ತು. ಅದನ್ನೇ ನೋಡುತ್ತ ಅವರು ನನಗೆ, “ನೀರು ಹಾಕು,” ಎಂದರು.

ನಾನು ತಂಬಿಗೆ ಬಗ್ಗಿಸಲಿಲ್ಲ. ಅಜ್ಜಿಯ ಮುಖ ನೋಡಿದೆ.