ಎಡಗಡೆಯ ಮಿರ್ಚಿ

ಪಂಚಾಕ್ಷರಪ್ಪನ ಕೈ ಮಂಡಕ್ಕಿ ತಟ್ಟೆಯ ಎಡಕ್ಕೆ ಹೋಗಿ ಅಲ್ಲಿದ್ದ ಒಂದೇ ಒಂದು ಮಿರ್ಚಿಯನ್ನು ಎತ್ತಿಕೊಂಡಿತು. ಪಾರ್ಶ್ವವಾಯು ಹೊಡೆದಾಗಿನಿಂದ ಇವತ್ತಿನವರೆಗೂ ಅವನ ಕಣ್ಣಿಗೆ ಎಡಬದಿಯೇ ಇರಲಿಲ್ಲ. ಬಲಗಡೆಯ ಅರ್ಧ ತಿಂದು "ತಿರುವು ಲೇ" ಎನ್ನುತ್ತಿದ್ದ. ಎಡಕ್ಕೆ ಕೂತ ಹೆಂಡತಿ ಉಚ್ಚಂಗೆಮ್ಮ ತಟ್ಟೆ ತಿರುವಿಡುತ್ತಿದ್ದಳು.

ಈಗ ಅವನು ಮಿರ್ಚಿಯನ್ನು ಬಲಕ್ಕಿದ್ದ ಮಾಲಾಳತ್ತ ಚಾಚಿದ. "ತಗೋರಿ ಮೇಡಂ, ಬಿಸಿ ಐತಿ." ಅವನ ತಲೆಗೆ ಪಟ್ಟಿ ಕಟ್ಟಿ, ಸಣ್ಣಗೆ ಕರೆಂಟು ಹಾಯಿಸಿ, ಮಿದುಳಿಗೆ ನೋಡುವುದನ್ನು ಮತ್ತೆ ಕಲಿಸಲು ದಾವಣಗೆರೆಯಿಂದ ಕೊಟ್ಟೂರಿಗೆ ಬರುತ್ತಿದ್ದ ಹುಡುಗಿ ಅವಳು. ಉಚ್ಚಂಗೆಮ್ಮನ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ಇಷ್ಟು ತಿಂಗಳು ತಟ್ಟೆ ತಿರುವಿದ ಕೈಗೆ ಅವನು ಒಂದು ಚೂರೂ ಮುರಿದು ಕೊಟ್ಟಿರಲಿಲ್ಲ.

ವೈರು ಸುತ್ತುತ್ತಿದ್ದ ಮಾಲಾ ತಲೆಯೆತ್ತಿದಳು. "ಮಿರ್ಚಿ ಯಾವ ಕಡಿ ಇತ್ರಿ ಯಜಮಾನ್ರ?"

"ಎಡಕ್ಕ," ಎಂದವನ ಮುಖ ಅರಳಿತು. "ಎಡಕ್ಕ ಇತ್ತಲ್ಲ!"

"ಎಲ್ಲಿ ಎಡಕ್ಕವ್ವ," ಎಂದಳು ಉಚ್ಚಂಗೆಮ್ಮ. "ಆಗ್ಲೇ ನಾನ ತಟ್ಟಿ ತಿರುವಿಟ್ಟಿದ್ದೆ, ಮಿರ್ಚಿ ಬಲಕ್ಕ ಬಂದಿತ್ತು." ಸುಳ್ಳು ಅವಳನ್ನು ಕೇಳದೆಯೇ ಬಾಯಿಂದ ಹೊರಬಿದ್ದಿತ್ತು.

ಪಂಚಾಕ್ಷರಪ್ಪ ನಂಬಿದ. ಚಾಚಿದ ಕೈ ಇಳಿದು ಮಿರ್ಚಿ ತಟ್ಟೆಗೆ ಮರಳಿತು. "ಹಂಗೇನು," ಎಂದ. ಮಾಲಾ ಮತ್ತೆ ವೈರಿನತ್ತ ಬಗ್ಗಿದಳು. ಅವನು ಕತ್ತು ಹೊರಳಿಸದೆ, ಎದುರಿನ ಬಾಗಿಲನ್ನೇ ನೋಡುತ್ತ ಮೆಲ್ಲಗೆ ಹೆಂಡತಿಯನ್ನು ಕೇಳಿದ:

"ಮತ್ತ ಈ ಎಡಕ್ಕ ನಿನ್ನ ಮೂಗುತಿ ಹೊಳಿಯಾಕ ಹತ್ತೈತಲ್ಲ ಲೇ, ಅದನ್ನ ಯಾರು ತಿರುವಿಟ್ರು?"