ಮೂರನೇ ಜೊತೆ

"ಇದು ಸವೆದು ಬಿಚ್ಚಿದ್ದಲ್ಲ ಮೇಡಂ. ಕತ್ತರಿಸಿದ್ದು."

ಮ್ಯಾನೇಜರ್ ಕಪ್ಪು ಶೂವಿನ ಒಳಗಿನ ಪ್ಯಾಡ್ ಎತ್ತಿ ತೋರಿಸಿದ. ಹೊಲಿಗೆಯ ದಾರದ ತುದಿಗಳು ಒಂದೇ ಸಮ ಇದ್ದವು. ಸವೆದ ದಾರ ಹಿಂಜಿಕೊಂಡಿರುತ್ತದೆ, ಬ್ಲೇಡು ತಗುಲಿದ್ದು ಹೀಗಿರುತ್ತದೆ.

"ನಾಲ್ಕೇ ಹೊಲಿಗೆ. ಹದಿನೈದು ದಿನ ಓಡಾಡಿದ್ರೆ ಮಿಕ್ಕಿದ್ದು ತಾನೇ ಬಿಚ್ಕೊಳ್ಳುತ್ತೆ."

"ನಾನ್ಯಾಕೆ ಕತ್ತರಿಸ್ಲಿ? ನನಗೇನು ಬೇರೆ ಕೆಲಸ ಇಲ್ವಾ?" ಅವಳು ದನಿ ಏರಿಸಿದಳು. ಪಕ್ಕದಲ್ಲಿ ಚಪ್ಪಲಿ ನೋಡುತ್ತಿದ್ದ ಇಬ್ಬರು ಕಿವಿಯನ್ನು ಇತ್ತ ಕೊಟ್ಟರು.

"ಒಂದು ತಿಂಗಳಲ್ಲಿ ಇದು ಎರಡನೇ ಜೊತೆ. ಇಡೀ ಶಾಲೆ ಇದೇ ಶೂ ಹಾಕ್ಕೊಂಡು ಕುಣೀತಿದೆ. ನಿಮ್ಮ ಮಗಳ ಕಾಲಲ್ಲಿ ಮಾತ್ರ ಬಾಯಿ ಬಿಡುತ್ತೆ."

ಅವಳು ಉತ್ತರ ಹುಡುಕಲಿಲ್ಲ. ಹುಡುಕಿದರೆ ಸಿಕ್ಕಿಬಿಡುತ್ತದೆಂದು ಭಯ. ತಾನು ಕತ್ತರಿಸಿಲ್ಲ. ಗಂಡ ಶೂ ಮುಟ್ಟುವವನಲ್ಲ. ಮನೆಯಲ್ಲಿ ಉಳಿದವಳು ಒಬ್ಬಳೇ. ಸ್ಟೂಲಿನ ಮೇಲೆ ಕುಳಿತು ಕಾಲಾಡಿಸುತ್ತಿದ್ದ ಎಂಟು ವರ್ಷದ ಪುಟ್ಟಿ.

ಮದುವೆಯಾಗಿ ಹನ್ನೊಂದು ತಿಂಗಳು. ಪುಟ್ಟಿ ಅವಳನ್ನು ಈವರೆಗೆ ಏನೆಂದೂ ಕರೆದಿಲ್ಲ. ನೀರು ಬೇಕು, ಜಡೆ ಬಿಗಿಯಾಯ್ತು, ನಿದ್ದೆ ಬರ್ತಿದೆ. ಎಲ್ಲ ಮಾತೂ ಗೋಡೆಗೆ ಹೇಳಿದಂತೆ. ಹೆತ್ತವಳು ಏಳು ತಿಂಗಳ ಕೂಸನ್ನು ಬಿಟ್ಟು ಹೋದಳು, ತಿರುಗಿಯೂ ನೋಡಲಿಲ್ಲ ಎಂದು ಗಂಡ ಒಂದೇ ಸಲ ಹೇಳಿದ್ದ. ಮನೆಯಲ್ಲಿ ಒಂದು ಫೋಟೊ ಕೂಡ ಇಟ್ಟಿರಲಿಲ್ಲ. ಖಾಲಿ ಜಾಗ, ತುಂಬುವುದು ಸುಲಭ ಎಂದುಕೊಂಡಿದ್ದಳು. ಮೊನ್ನೆ ಶಾಲೆಯ ಡೈರಿಯಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಮಗು ಹರಿದ ಶೂ ಹಾಕಿಕೊಂಡು ಬರುತ್ತಿದೆ. ತಾಯಿ ಗಮನಿಸಿ.' 'ತಾಯಿ' ಎಂಬ ಆ ಎರಡಕ್ಷರವನ್ನು ಅವಳು ಬಹಳ ಹೊತ್ತು ನೋಡುತ್ತ ಕುಳಿತಿದ್ದಳು.

ಈ ಮಗುವಿಗೆ ನನ್ನನ್ನು ಕಂಡರೆ ಅಷ್ಟೊಂದು ಆಗದೇ? ಬ್ಲೇಡು ಹಿಡಿಯುವಷ್ಟು?

"ಸಾರ್, ಇನ್ನೊಂದು ಜೊತೆ ಕೊಟ್ಬಿಡೋಣ."

ಮಾತು ನೆಲದ ಕಡೆಯಿಂದ ಬಂತು. ಮಕ್ಕಳ ವಿಭಾಗದ ಸೇಲ್ಸ್‌ನವಳು ಮಂಡಿಯೂರಿ ಕುಳಿತು, ಆಗಲೇ ಪುಟ್ಟಿಯ ಕಾಲನ್ನು ಅಳತೆಯ ತಗಡಿನ ಮೇಲೆ ಇರಿಸಿದ್ದಳು. ಹೋದ ಸಲವೂ ಅಳೆದಿದ್ದಳು, ಅದರ ಹಿಂದಿನ ಸಲವೂ. ಪುಟ್ಟಿಯ ಎಡಗಾಲಿನ ಕಿರುಬೆರಳು ಹುಟ್ಟಿನಿಂದಲೇ ಪಕ್ಕದ ಬೆರಳಿನ ಮೇಲೆ ಸವಾರಿ ಮಾಡುತ್ತದೆ. ಆಕೆ ಅದನ್ನು ಮೆಲ್ಲನೆ ಕೆಳಗಿಳಿಸಿ, ನೇರ ಮಾಡಿ, ಆಮೇಲೆ ಅಳೆಯುತ್ತಾಳೆ. ಕೈ ತೆಗೆದೊಡನೆ ಬೆರಳು ಮತ್ತೆ ಹತ್ತಿ ಕೂರುತ್ತದೆ. ಪುಟ್ಟಿ ಕಿಲಕಿಲ ನಗುತ್ತಾಳೆ. ಮನೆಯಲ್ಲಿ ಪುಟ್ಟಿ ಹೀಗೆ ನಕ್ಕಿದ್ದೇ ಇಲ್ಲ.

"ಹದಿನೈದು ದಿನಕ್ಕೆ ಕಾಲೇನು ಸೋರೆಕಾಯಿ ಥರ ಬೆಳೆಯುತ್ತೇನ್ರೀ?" ಮ್ಯಾನೇಜರ್ ಗದರಿದ.

"ಮಕ್ಕಳ ಕಾಲು ಸಾರ್. ನಾವು ನೋಡದೆ ಇದ್ದಾಗ್ಲೇ ಬೆಳೆದ್ಬಿಡುತ್ತೆ." ಆಕೆ ತಲೆ ಎತ್ತಲಿಲ್ಲ. "ಈ ಸಲ ಹೊಲಿಗೆ ನಾನೇ ನೋಡಿ ಕೊಡ್ತೀನಿ."

"ಹೋದ್ಸಲನೂ ನೀವೇ ತಾನೇ ಒಳಗೆ ತಗೊಂಡು ಹೋಗಿ, ಲೇಸ್ ಪೋಣಿಸಿ, ನೋಡಿ ಕೊಟ್ಟಿದ್ದು?" ಅವನು ಬಿಲ್ ಪುಸ್ತಕ ಎಳೆದುಕೊಂಡ. "ಬೇಡವೇ ಬೇಡ. ದುಡ್ಡು ವಾಪಸ್ ಕೊಡ್ತೀನಿ ಮೇಡಂ. ಶಾಲೆ ಪಟ್ಟೀಲಿ ಇನ್ನೊಂದು ಅಂಗಡಿ ಇದೆ, ಇನ್ಮೇಲೆ ಅಲ್ಲಿಗೇ ಹೋಗಿ. ಮಗು ಶೂಗೆ ಬ್ಲೇಡ್ ಹಾಕೋ ತಾಯಿನ ನಾನಂತೂ ನೋಡಿರ್ಲಿಲ್ಲ."

ಪುಟ್ಟಿ ಸ್ಟೂಲಿನಿಂದ ಧುಮುಕಿದಳು.

"ನಮ್ಮಮ್ಮ ಕತ್ತರಿಸಿಲ್ಲ! ನಮ್ಮಮ್ಮ ಸುಳ್ಳು ಹೇಳಲ್ಲ!"

ಅಳತೆಯ ತಗಡು ಠಣ್ಣೆಂದು ನೆಲಕ್ಕೆ ಬಿತ್ತು.

ನಮ್ಮಮ್ಮ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಪುಟ್ಟಿ ಓಡಿಬಂದು ಅವಳ ಸೊಂಟ ತಬ್ಬಿ, ಮ್ಯಾನೇಜರನನ್ನು ದುರುಗುಟ್ಟಿ ನೋಡಿದಳು. ಇಲ್ಲ, ಈ ಕೈಗಳು ಬ್ಲೇಡು ಹಿಡಿದಿಲ್ಲ. ಮತ್ತೆ ಯಾರು? ಯಾರಾದರೂ ಆಗಲಿ, ಅವಳಿಗೆ ಇನ್ನು ಬೇಕಿರಲಿಲ್ಲ.

"ದುಡ್ಡು ಕೊಡಿ. ಹೋಗ್ತೀವಿ," ಎಂದಳು. ಎಷ್ಟೋ ದಿನಗಳ ಮೇಲೆ ಎದೆ ಹಗುರವಾಗಿತ್ತು.

"ಒಂದ್ನಿಮಿಷ..." ಸೇಲ್ಸ್‌ನವಳು ಎದ್ದಳು. "ಮೇಲೆ ಒಂದು ಜೊತೆ ಇದೆ. ಒಂದೇ ನಿಮಿಷ."

ಯಾರೂ ಕೇಳಿರಲಿಲ್ಲ. ಆಕೆ ಏಣಿಯ ಬುಡದಲ್ಲಿ ಚಪ್ಪಲಿ ಕಳಚಿಟ್ಟು ಹತ್ತಿದಳು. ಬೇಕಾದ ಡಬ್ಬಿ ಕಣ್ಣೆದುರೇ ಇತ್ತು. ಆದರೂ ಕಪಾಟಿನತ್ತ ಮುಖ ಮಾಡಿ ನಿಂತವಳು ನಿಂತೇ ಇದ್ದಳು.

"ಏನ್ರೀ, ಮೇಲೇ ಸಂಸಾರ ಹೂಡ್ತೀರಾ?" ಮ್ಯಾನೇಜರ್ ನಕ್ಕ. ಗಿರಾಕಿಗಳೂ ನಕ್ಕರು.

ಕೆಳಗೆ ಅವಳು ಪುಟ್ಟಿಗೆ ಹಳೆಯ ಚಪ್ಪಲಿ ತೊಡಿಸಲು ಕುಕ್ಕರಗಾಲಲ್ಲಿ ಕುಳಿತಳು. ಪುಟ್ಟಿಯ ಎಡಗಾಲನ್ನು ಅಂಗೈಯಲ್ಲಿ ಹಿಡಿದು, ತಲೆ ಎತ್ತಿದಳು. ಏಣಿಯ ಮೂರನೇ ಮೆಟ್ಟಿಲು ಸರಿಯಾಗಿ ಅವಳ ಕಣ್ಣಿನ ಮಟ್ಟಕ್ಕಿತ್ತು.

ಅವಳು ನೋಡಿದಳು. ಕೈಯಲ್ಲಿದ್ದ ಕಾಲನ್ನು ನೋಡಿದಳು. ಮತ್ತೆ ಮೇಲೆ ನೋಡಿದಳು. ಚಪ್ಪಲಿ ತೊಡಿಸುವುದನ್ನೇ ಮರೆತಳು.

ಸೇಲ್ಸ್‌ನವಳು ಡಬ್ಬಿಯನ್ನು ಎದೆಗವಚಿಕೊಂಡು ಇಳಿದಳು. ಕಣ್ಣು ಕೆಂಪಾಗಿತ್ತು. ಏಪ್ರನ್ ಜೇಬಿನಿಂದ ಪುಟ್ಟ ಬ್ಲೇಡು ತೆಗೆದು ಡಬ್ಬಿಯ ಟೇಪ್ ಸೀಳಿದಳು.

"ದುಡ್ಡು ಬೇಡ," ಪುಟ್ಟಿಯ ಕಾಲು ಬಿಟ್ಟೆದ್ದು ಅವಳು ಮ್ಯಾನೇಜರನಿಗೆ ಹೇಳಿದಳು. "ಈ ಜೊತೆ ತಗೊಳ್ತೀನಿ."

"ಮತ್ತೆ ಬಿಚ್ಕೊಂಡ್ರೆ?"

"ಬಿಚ್ಕೊಂಡ್ರೆ ನನ್ನ ದುಡ್ಡಲ್ಲೇ ಇನ್ನೊಂದು ತಗೊಳ್ತೀನಿ. ಇಲ್ಲೇ."

ಅವಳು ಸೇಲ್ಸ್‌ನವಳ ಕಡೆ ತಿರುಗಿದಳು. ದನಿ ಇಬ್ಬರಿಗೆ ಮಾತ್ರ ಕೇಳುವಷ್ಟು ತಗ್ಗಿತ್ತು.

"ಒಳಗೆ ತಗೊಂಡು ಹೋಗಿ ಲೇಸ್ ಪೋಣಿಸಿ ತನ್ನಿ. ಅವಸರ ಏನಿಲ್ಲ, ಅಕ್ಕ."

ಏಣಿಯ ಬುಡದಲ್ಲಿ ಚಪ್ಪಲಿಗಾಗಿ ತಡಕಾಡುತ್ತಿದ್ದ ಆ ಬರಿಗಾಲು ಗಕ್ಕನೆ ನಿಂತಿತು. ಅದರ ಕಿರುಬೆರಳು, ಪುಟ್ಟಿಯದರ ಹಾಗೆಯೇ, ಪಕ್ಕದ ಬೆರಳಿನ ಮೇಲೆ ಹತ್ತಿ ಕುಳಿತಿತ್ತು.