ಒಂದು ಮೀಟರಿನ ಒಳಗೆ

೨೦೧೯ರ ಮಾರ್ಚ್ ೧೪, ಸಂಜೆ ೪ ಗಂಟೆ ೨೦ ನಿಮಿಷ. ಕೊನೆಯ ತಾಲೀಮಿನಲ್ಲೂ ನರ್ತಕಿ ಅದೇ ಜಾಗದಲ್ಲಿ ನಿಂತುಬಿಟ್ಟಳು. ಎರಡು ವರ್ಷ ಕೋಣೆಯಲ್ಲಿ ಒಬ್ಬನೇ ಕೂತು ಕಂಪ್ಯೂಟರಿನಲ್ಲಿ ಸಂಗೀತ ಕಟ್ಟಿದವನು ಅದನ್ನು ಮೊದಲ ಸಲ ರಂಗಕ್ಕೆ ತಂದಿದ್ದ. ಅವಳು ರಂಗದ ಮೇಲಿನ ಅವನ ಮೇಜಿಗೆ ಹತ್ತಿರವಾದಷ್ಟೂ ಸ್ವರಗಳು ಸೇರುವಂತೆ, ಒಂದು ಮೀಟರಿಗಿಂತ ಹತ್ತಿರ ಬಂದರೆ ಮಾತ್ರ ಕೊನೆಯ ಸ್ವರ ಮೊಳಗುವಂತೆ ದೂರ ಅಳೆಯುವ ಸೆನ್ಸರ್ ಇಟ್ಟಿದ್ದ. ಮನೆಯಲ್ಲಿ ನರ್ತಕಿಯ ಬದಲು ಕುರ್ಚಿಯನ್ನು ಸರಿಸಿ ಪರೀಕ್ಷಿಸಿದಾಗ ಅದು ಒಮ್ಮೆಯೂ ತಪ್ಪಿರಲಿಲ್ಲ.

"ಇನ್ನೆರಡು ಹೆಜ್ಜೆ ಬಾಮ್ಮ, ನಾಳೇನೇ ಶೋ," ಎಂದ, ಕಂಪ್ಯೂಟರಿನ ಪರದೆ ನೋಡುತ್ತಲೇ.

"ಹೇಗ್ ಬರ್ಲಿ ಅಣ್ಣ? ನೀವು ಒಂದ್ಸಲನೂ ತಲೆ ಎತ್ತಿಲ್ಲ. ನಮ್ಮನ್ನ ನೋಡದೇ ಇರೋರ ಹತ್ರ ಹೋಗೋಕೆ ಕಾಲೇ ಏಳಲ್ಲ."

"ಸ್ಕ್ರೀನಿಂದ ಕಣ್ಣು ತೆಗೆದ್ರೆ ಕಚ್ಚೋಕೆ ಅದೇನ್ ಹಾವಾ ಗುರುವೇ?" ಎಂದು ಏಣಿಯ ಮೇಲಿಂದ ಲೈಟಿನವನು ನಕ್ಕ.

ಸಂಗೀತದವನು ತಲೆ ಎತ್ತಿದ. ಅವಳು ಅವನನ್ನೇ ನೋಡುತ್ತ ಮತ್ತೆ ಮೊದಲಿನಿಂದ ನಡೆದು ಬಂದಳು. ಹೆಜ್ಜೆಹೆಜ್ಜೆಗೂ ಸ್ವರಗಳು ತುಂಬಿಕೊಂಡವು. ಯಾರಾದರೂ ತನ್ನನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಯಿತೆಂದು ಅವನಿಗೆ ನೆನಪಾಗಲಿಲ್ಲ. ಕಣ್ಣು ತಾನಾಗಿಯೇ ಪರದೆಗೆ ಇಳಿಯಿತು. ಹೆಜ್ಜೆಯ ಸದ್ದು ನಿಂತಿತು. ಪರದೆಯ ಮೇಲೆ ಅವರಿಬ್ಬರ ನಡುವಿನ ಅಂತರವಿತ್ತು: ೧.೧೨ ಮೀಟರ್.